ಬಲಗಡೆಯ ಹೂ

ನನಗೆ ಕೋಪ ಮೂಗಿನ ತುದಿಯಲ್ಲೇ. ಈಗಲೂ ಹಾಗೆಯೇ, ಆದರೆ ಈಗ ಕೈಗೆ ಸಿಕ್ಕಿದ್ದನ್ನು ಎಸೆಯುವುದಿಲ್ಲ. ಆ ಚಾಳಿ ಬಿಟ್ಟದ್ದು ಒಂದು ಟಗರಿನಿಂದ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಬಂದದ್ದು ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿಗೆ. ಊರಮ್ಮನ ಹೆಸರಿಗೆ ಬಿಟ್ಟ ಟಗರು ಅಲ್ಲಿ ಯಾರ ಮನೆಗೆ ಬೇಕಾದರೂ ನುಗ್ಗಬಹುದಿತ್ತು, ಯಾರೂ ಛೀ ಅನ್ನುವಂತಿರಲಿಲ್ಲ. ಹಬ್ಬಕ್ಕೆ ಅಮ್ಮನಿಗೆ ಒಪ್ಪಿಸುವ ತನಕ ಅದು ಊರಿಗೇ ಅಳಿಯ. ಅದು ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಎದುರುಮನೆಯ ಅಕ್ಕ. ಅವಳ ಗಂಡ ಕುರಿ ಹೊಡೆದುಕೊಂಡು ಪಾವಗಡದ ಆಚೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹುರಿಹಿಟ್ಟು ಬೀಸುವಾಗ ನಾವಿಬ್ಬರೂ ಅವಳ ಬೀಸುಕಲ್ಲಿನ ಒಂದೇ ಗೂಟ ಹಿಡಿದು ಕೂರುತ್ತಿದ್ದೆವು. ಊರಿನಲ್ಲಿ ನನ್ನ ಬಾಯಿಗೆ ಹೆದರದೆ ನನ್ನ ಜೊತೆ ನಕ್ಕವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಟಗರು ನಾನು ಒಣಹಾಕಿದ್ದ ಸಂಡಿಗೆಯನ್ನೆಲ್ಲ ತಿಂದು, ಸಾಲದ್ದಕ್ಕೆ ಚಾಪೆಯ ಅಂಚನ್ನೂ ಜಗಿಯುತ್ತ ನಿಂತಿತ್ತು. ಎರಡು ದಿನದ ಕೆಲಸ ಮಣ್ಣುಪಾಲು. ಲಟ್ಟಣಿಗೆ ಕೈಯಲ್ಲಿತ್ತು, ಎಸೆದೆ. ಹಿಂಗಾಲಿಗೆ ಬಿತ್ತು. ಟಗರು ಕುಂಟುತ್ತ ಹೋಯಿತು, ಬಾಯಲ್ಲಿದ್ದ ಚಾಪೆಯ ಎಳೆಯನ್ನು ಮಾತ್ರ ಬಿಡಲಿಲ್ಲ.

ಊನವಾದ ಪ್ರಾಣಿ ಅಮ್ಮನಿಗೆ ಆಗದು. ಹಾಗಾಗಿ ಟಗರಿನ ತಲೆ ಉಳಿಯಿತು. ಊರಿನಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ. ಗುಡಿಯ ಮುಂದೆ ಸೇರಿದ ಹಿರಿಯರು ಅಕ್ಕನ ಕಡೆ ಬೆರಳು ಮಾಡಿದರು. "ಸಾಕಿದ್ ಮರಿ ಉಳಿಸ್ಕಣಾಕೆ ಇವ್ಳೇ ಕಾಲು ಮುರ್ದವ್ಳೆ. ಇನ್ಯಾರ್ಗೆ ಬೇಕಿತ್ತು?" ಎಂದರು. "ನಾನಲ್ಲ ಕಣ್ರಪ್ಪ" ಅಂದಳು ಅಕ್ಕ. ತಪ್ಪು ಒಪ್ಪಿಕೊಳ್ಳುವವರೆಗೂ ಯಾರೂ ಅವಳ ಜೊತೆ ಮಾತಾಡಬಾರದು, ಅವಳು ಊರಬಾವಿಗೆ ಬರಬಾರದು ಎಂದು ತೀರ್ಮಾನವಾಯಿತು. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗಿನ ತುದಿ ಕಚ್ಚುತ್ತಿದ್ದೆ. ಬಜಾರಿ ಅಂತ ಹೆಸರಾದವಳಿಗೆ ಅವತ್ತು ಬಾಯೇ ಬರಲಿಲ್ಲ.

ಮನುಷ್ಯರಿಗೆ ಹೇಳಲು ಹೆದರಿಕೆ, ಅಮ್ಮನಿಗೆ ಹೇಳಲು ಏನಂತೆ? ನಮ್ಮ ಕಡೆ ಹೂ ಕೇಳುವುದು ಅಂತ ಇದೆ. ಅಮ್ಮನ ಮೂರ್ತಿಯ ಎರಡೂ ಪಕ್ಕಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಬೇಡಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಒಪ್ಪಿದಳು, ಎಡಗಡೆಯದು ಬಿದ್ದರೆ ಇಲ್ಲ. ಗುಡಿ ಗುಡಿಸುವ ಸರದಿ ನನ್ನದಾದ ಮಂಗಳವಾರ, ಪೂಜಾರಪ್ಪ ಕೊರಟಗೆರೆ ಬಸ್ಸು ಹತ್ತಿದ್ದನ್ನು ನೋಡಿಕೊಂಡು ನಾನೇ ಹೂ ಇಟ್ಟೆ. ಎಡಗಡೆಯದಕ್ಕೆ ಗಂಧ ಮೆತ್ತಿ ಗಟ್ಟಿಯಾಗಿ ಒತ್ತಿದೆ. ಬಲಗಡೆಯದನ್ನು ಸೆರಗಿನಲ್ಲಿ ಒರೆಸಿ ಒಣಗಿಸಿ, ಸುಮ್ಮನೆ ತಾಕಿಸಿದೆ. "ತಪ್ಪಾಯ್ತು ಕಣಮ್ಮ" ಅನ್ನುವಷ್ಟರಲ್ಲಿ ಬಿತ್ತು. ಮನೆಗೆ ಬಂದು ಎರಡು ಮುದ್ದೆ ಉಂಡೆ.

ಎಂಥ ಸುಖ ಅಂತೀರಿ. ಆಮೇಲೆ ಡೇರಿಯ ಹಾಲಿಗೆ ನೀರು ಬೆರೆಸಿದ್ದಕ್ಕೆ, ಅತ್ತೆಗೆ ಶಾಪ ಹಾಕಿದ್ದಕ್ಕೆ, ಎಲ್ಲದಕ್ಕೂ ಹೂ ಇಟ್ಟೆ. ಮೊದಲು ಹೂ ಕೇಳಿಕೊಂಡು ಬಂದು, ಆಮೇಲೆ ಧೈರ್ಯವಾಗಿ ಶಾಪ ಹಾಕಿದ್ದೂ ಉಂಟು. ಅಮ್ಮ ಒಂದು ಸಲವೂ ಇಲ್ಲ ಅನ್ನಲಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆರೆದರೆ ಅಕ್ಕ ಕೆರೆಯಾಚೆಯ ಹಳೇ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು, ಹಿಂದೆ ಟಗರು ಕುಂಟುತ್ತ. ನನ್ನನ್ನು ನೋಡಿ ನಕ್ಕರೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮಾತಾಡಬಾರದಲ್ಲ.

ಟಗರಿನ ತಪ್ಪಿಗೇ ಎಷ್ಟನೆಯದೋ ಸಲ ಹೂ ಇಟ್ಟ ದಿನ, ಕೈ ಮುಗಿಯುವ ಮೊದಲೇ, ಬಾಯಿ ತೆರೆಯುವ ಮೊದಲೇ ಬಲಗಡೆಯ ಹೂ ಬಿದ್ದುಬಿಟ್ಟಿತು. ನಾನಿನ್ನೂ ತಪ್ಪನ್ನೇ ಹೇಳಿರಲಿಲ್ಲ. ಯಾವುದಕ್ಕೆ ಕ್ಷಮೆ? ನಾಚಿಕೆಯಿಂದ ಕುಗ್ಗಿಹೋದೆ. ಇಷ್ಟು ದಿನ ನನ್ನನ್ನು ಕ್ಷಮಿಸುತ್ತಿದ್ದವಳು ಅಮ್ಮನಲ್ಲ, ನಾನೇ. ಪೊರಕೆ ಹಿಡಿದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ.

ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಟಗರಿನ್ ಕಾಲು ಮುರ್ದೋಳು ನಾನು. ಲಟ್ಟಣಿಗೇಲಿ." ಯಾರೂ ನಂಬಲಿಲ್ಲ. "ಗೆಳ್ತೀನ ಉಳ್ಸಾಕೆ ಸುಳ್ ಹೇಳ್ತಾವ್ಳೆ. ಒಳ್ಳೆ ಎಂಗ್ಸು, ಪಾಪ" ಅಂದರು ಒಬ್ಬ ಹಿರಿಯರು. ಆ ಊರಿನಲ್ಲಿ ನಾನು ಒಳ್ಳೆಯವಳು ಅನ್ನಿಸಿಕೊಂಡದ್ದು ಅದೊಂದೇ ಸಲ. ರೇಗಿಹೋಗಿ ಮನೆಯಿಂದ ಲಟ್ಟಣಿಗೆ ತಂದು ತೋರಿಸಿದೆ. ಅದನ್ನು ಕಂಡದ್ದೇ, ಗುಡಿಯ ಜಗುಲಿಯ ಮೇಲೆ ಮಲಗಿದ್ದ ಟಗರು ಕೆಳಕ್ಕೆ ಹಾರಿ ಓಡಿತು. ಆಗ ನಂಬಿದರು. ಟಗರಿಗೆ ಮೂರು ಸುತ್ತು ಬಂದು ಗಲ್ಲ ಬಡಿದುಕೊಳ್ಳಬೇಕು ಅಂದರು. ಅದು ನಿಂತರೆ ತಾನೇ ಸುತ್ತುವುದು? ಊರೆಲ್ಲ ಓಡಿದೆ. ಕುಂಟು ಟಗರು ನನಗಿಂತ ಚುರುಕು. ಕೊನೆಗೆ ತಿಪ್ಪೆಯ ಮೇಲೆ ಸಿಕ್ಕಿತು, ಅಲ್ಲೇ ಮೂರು ಸುತ್ತು ಬಂದೆ. "ಆಯ್ತು ಬುಡಮ್ಮ, ತೀರ್ತು" ಅಂದರು. ತೀರಿತು ಅಂತ ನಾನೂ ಅಂದುಕೊಂಡೆ.

ಅಕ್ಕನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಒಣಹೂವಿನ ಕಥೆಯನ್ನೂ ಮುಚ್ಚಿಡದೆ ಹೇಳಿದೆ. "ಆರು ತಿಂಗ್ಳು ನೀರು ಹೊತ್ತೆ ಕಣಮ್ಮ. ನೀನು ಬಾಗ್ಲಾಗೆ ನಿಂತು ನೋಡ್ತಿದ್ದೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಿತ್ತಲಿನಿಂದ ಒಂದು ಸೇವಂತಿಗೆ ಕಿತ್ತು ತಂದು, ತನ್ನ ತುರುಬಿನ ಬಲಗಡೆಗೆ ಬಿಗಿಯಾಗಿ ಸಿಕ್ಕಿಸಿಕೊಂಡಳು. "ಇದು ತಾನಾಗೇ ಬೀಳ್ಲಿ. ಆಮ್ಯಾಕೆ ನೋಡಾನ."

ಬಾಡಿದರೆ ಹೊಸ ಹೂ, ಇನ್ನೂ ಬಿಗಿಯಾಗಿ. ನಾನು ದಿನಾ ಬೆಳಿಗ್ಗೆ ಕೆರೆಯಾಚೆಯ ಆ ಬಾವಿಯಿಂದಲೇ ಎರಡು ಕೊಡ ನೀರು ತಂದು ಅವಳ ಬಾಗಿಲಲ್ಲಿಟ್ಟೆ. ಊರಬಾವಿಯ ನೀರು ಅವಳಿಗೆ ಮತ್ತೆ ಸಿಗುತ್ತಿತ್ತು, ನನ್ನದು ಬೇಕಿರಲಿಲ್ಲ. ಬೇಡ ಅನ್ನಲಿಲ್ಲ, ಒಳಗೆ ಬಾ ಅನ್ನಲೂ ಇಲ್ಲ. ಹೆಚ್ಚಿನಂಶ ಟಗರೇ ಕುಡಿಯುತ್ತಿತ್ತು. ಎಷ್ಟೋ ದಿನ ಅವಳ ತುರುಬು ನೋಡಿ ಕೊಡ ಎತ್ತಿ ಕುಕ್ಕುವಷ್ಟು ಸಿಟ್ಟು ಬರುತ್ತಿತ್ತು. ಮೆಲ್ಲಗೆ ಇಟ್ಟು ಬರುತ್ತಿದ್ದೆ.

ರಾಗಿ ಕೊಯ್ಲು ಮುಗಿದ ಮೇಲೆ ಒಂದು ದಿನ ಕೊಡ ಇಡಲು ಹೋದೆ. ಅವಳು ಬಾಗಿಲಿಗೆ ಬೆನ್ನು ಹಾಕಿ ಒಬ್ಬಳೇ ಬೀಸುತ್ತಿದ್ದಳು. ನೋಡುತ್ತಿದ್ದಂತೆ ಹೂ ತುರುಬಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಬಿತ್ತು ಅಂತ ಕೂಗಿ ಊರನ್ನೇ ಸೇರಿಸಬಹುದಿತ್ತು. ಒಳಗೆ ಹೋಗಿ ಹೂವನ್ನೆತ್ತಿ, ಹಿಟ್ಟು ಒರೆಸಿ, ಮೊದಲಿದ್ದ ಜಾಗದಲ್ಲೇ ಬಿಗಿಯಾಗಿ ಸಿಕ್ಕಿಸಿದೆ.

"ಇನ್ನೊಂದಷ್ಟು ದಿನ ಇರ್ಲಿ ಅಕ್ಕ" ಅಂದೆ.

ಅವಳು ತಿರುಗಲಿಲ್ಲ. ಗೂಟದ ಮೇಲಿದ್ದ ಕೈಯನ್ನು ಕೆಳಕ್ಕೆ ಸರಿಸಿ, ನನ್ನ ಕೈಗೆ ಜಾಗ ಬಿಟ್ಟಳು.