ಆಕ್ಷೇಪಣೆ ಹಾಕಿದವರ ಉಪಕಾರ

ಕ್ರೀಡಾಕೂಟದ ಪ್ರವೇಶಪತ್ರವನ್ನು ನಾನು ಮೊದಲ ಸಲ ತುಂಬಿದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಒಲೆಯ ಮೇಲಿನ ಹಾಲಿಗೆ ಒಂದು ಕಣ್ಣಿಟ್ಟುಕೊಂಡು. ಬಳಗಾನೂರಿನ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಿಲ್ಲದ ವರ್ಷ ಅದು; ಸಂಧಿ ಸಮಾಸ ಕಲಿಸುವ ನನಗೆ ಹುಡುಗಿಯರ ಖೋಖೋ ತಂಡವೂ ಗಂಟುಬಿದ್ದಿತ್ತು. ಹಾಲು ಉಕ್ಕಿತು, ಓಡಿದೆ, ಬಂದು ಮುಂದುವರಿಸಿದೆ. ಆ ಗಡಿಬಿಡಿಯಲ್ಲಿ ನಾಯಕಿ ರೇಣುಕಾಳ ಜನ್ಮವರ್ಷ ಒಂದು ವರ್ಷ ಹಿಂದಕ್ಕೆ ಸರಿದದ್ದು ನನಗೆ ತಿಳಿಯಲೇ ಇಲ್ಲ.

ಕ್ರೀಡಾಕೂಟವೆಂದರೆ ಸೀಟಿ, ಸುಣ್ಣದ ಗೆರೆ, ಕೂಗಾಟ ಅಷ್ಟೇ ಎಂದುಕೊಂಡಿದ್ದೆ, ಗೆಳೆಯರೇ. ಅದಕ್ಕೊಂದು ಏಣಿಯಿದೆ: ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಮೆಟ್ಟಿಲು ಮೆಟ್ಟಿಲಿಗೂ ಕಾಗದ ನೋಡುವವರು, ತಕರಾರು ಕೇಳುವ ಸಮಿತಿ. ಇದೆಲ್ಲ ನನಗೆ ತಿಳಿದದ್ದು ಮಸ್ಕಿಯ ಮೈದಾನದಲ್ಲಿ, ತಾಲ್ಲೂಕಿನ ಅಂತಿಮ ಪಂದ್ಯಕ್ಕೆ ಮುಂಚೆ, ಎದುರು ತಂಡದ ದೈಹಿಕ ಶಿಕ್ಷಕರಾದ ಮೆಹಬೂಬ್ ಸರ್ ಬರೆದ ಆಕ್ಷೇಪಣೆ ಕೈಗೆ ಬಂದಾಗ. ನಾನೇ ಕೊಟ್ಟ ಪಟ್ಟಿಯ ಪ್ರಕಾರ ರೇಣುಕಾ ವಯೋಮಿತಿ ಮೀರಿದ್ದಳು; ಇಡೀ ತಂಡವೇ ಹೊರಬೀಳಬೇಕಿತ್ತು.

ಭತ್ತದ ನಾಟಿಗೆ ಹೋಗುವ ತಾಯಿಯ ಮಗಳು ರೇಣುಕಾ. ಹತ್ತನೆಯ ತರಗತಿಯ ಅವಳಿಗೆ ಇದೇ ಕೊನೆಯ ಅವಕಾಶ. ಆದರೆ ಅವಳು ಕೇಳಿದ್ದು ಆಟದ ಮಾತಲ್ಲ.

“ಟೀಚರ್, ನಾ ಸುಳ್ಳು ಹೇಳೀನಿ ಅಂದ್ಕೊಂಡಾರೇನ್ರೀ?”

ತಪ್ಪು ನನ್ನದೆಂದು ಸಮಿತಿಗೆ ಹೇಳಿದೆ. ಹೇಳಿದ ಮೇಲೆ ಮುಂದೇನೆಂದು ತಿಳಿಯದೆ ನಿಂತಿದ್ದಾಗ ಪಕ್ಕಕ್ಕೆ ಬಂದವರು ಮೆಹಬೂಬ್ ಸರ್.

“ತಕರಾರು ಹಾಕೋದು ನನ್ನ ಕೆಲ್ಸರೀ ಮೇಡಂ. ಜವಾಬು ಕೊಡೋದು ನಿಮ್ಮ ಹಕ್ಕು. ಬರೀರಿ, ಹೆಂಗ ಬರೀಬೇಕಂತ ನಾ ಹೇಳ್ತೀನಿ.”

ಊರಿಗೆಲ್ಲ ಉಕ್ತಲೇಖನ ಕೊಡುವ ನಾನು ಅಂದು ಅವರಿಂದ ಉಕ್ತಲೇಖನ ಬರೆದುಕೊಂಡೆ. ಮೊಬೈಲಿಗೆ ತರಿಸಿದ ಪುಟದ ಫೋಟೊ ನಡೆಯದು, ಶಾಲೆಯ ದಾಖಲಾತಿ ಪುಸ್ತಕವೇ ಬೇಕು ಎಂದಿತು ಸಮಿತಿ. ಅದು ಬರುವವರೆಗೆ ಪಂದ್ಯ ತಡೆಯಲು ಸಮಿತಿ ಒಪ್ಪಿಗೆ ಕೇಳಿದಾಗ ಮೆಹಬೂಬ್ ಸರ್ ಕೂಡಲೇ ಹೂಂ ಅಂದರು. ಅವರ ಹುಡುಗಿಯರೂ ನಮ್ಮವರ ಜೊತೆ ಬಿಸಿಲಲ್ಲಿ ಕಾದರು. ನಮ್ಮ ಮುಖ್ಯೋಪಾಧ್ಯಾಯರು ಪುಸ್ತಕವನ್ನು ಬೈಕಿನಲ್ಲಿ ತಂದರು. ಸಮಿತಿಯವರು ಸಾಲಿನ ಮೇಲೆ ಬೆರಳಿಟ್ಟು ಓದಿದರು. ರೇಣುಕಾ ಆಡಬಹುದು ಎಂದರು. ಮೆಹಬೂಬ್ ಸರ್ ಆಕ್ಷೇಪಣೆ ಹಿಂದಕ್ಕೆ ಪಡೆದು ರುಜು ಹಾಕಿದರು. ಒಂದೇ ಪಾಯಿಂಟಿನಿಂದ ನಾವು ಗೆದ್ದೆವು.

ಅವರ ಮುಖ ನೋಡಲು ನನಗೆ ಸಂಕೋಚ. ಮರುವಾರ ಅವರೇ ನಮ್ಮ ಶಾಲೆಗೆ ಬಂದು, ಕಂಬದ ಹತ್ತಿರ ತಿರುಗುವಾಗ ನಮ್ಮವರು ಎಡವುವುದನ್ನು ತಿದ್ದತೊಡಗಿದರು. ಯಾಕೆ ಸರ್ ಎಂದು ಕೇಳಿದೆ.

“ಜಿಲ್ಲಾಕ್ಕ ಹೋದ್ರ ಇವ್ರು ಮಸ್ಕಿ ತಾಲೂಕಿನ ಹುಡುಗ್ಯಾರು. ನಮ್ಮವ್ರ ಅಲ್ಲೇನ್ರೀ?”

ನಿನ್ನೆಯ ಎದುರಾಳಿ ನಾಳೆ ಬೆನ್ನಿಗೆ ನಿಲ್ಲುವಂಥ ಈ ಏಣಿಯನ್ನು ಕಟ್ಟಿದವರು ಯಾರೋ, ನಾನರಿಯೆ. ಕೈಹಿಡಿದು ಹತ್ತಿಸಿದವರನ್ನಂತೂ ಬಲ್ಲೆ.

ಜಿಲ್ಲಾ ಕೂಟ ಲಿಂಗಸುಗೂರಿನಲ್ಲಿ ನಡೆಯಿತು. ನಾವು ಸಿಂಧನೂರಿನ ತಂಡಕ್ಕೆ ಸೋತೆವು. ಮೆಹಬೂಬ್ ಸರ್ ಕರೆತಂದಿದ್ದ ಅವರ ಹುಡುಗಿಯರು ರೇಣುಕಾಳ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ರೇಣುಕಾ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಗೆದ್ದವರ ಬಳಿ ಹೋಗಿ, ವಿಭಾಗದಲ್ಲಿ ಚೆಂದಾಗಿ ಆಡಿರೆಂದು ಹೇಳಿ ಬಂದಳು.

ಮರಳುವ ಬಸ್ಸಿನಲ್ಲಿ ತಲೆ ಎಣಿಸಲು ಎದ್ದು ನಿಂತೆ. ಎರಡೂ ಶಾಲೆಯ ಹುಡುಗಿಯರು ಬೆರೆತು, ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋಗಿದ್ದರು. ಯಾರು ನಮ್ಮವರು, ಯಾರು ಅವರವರು ಎಂದು ಬೇರ್ಪಡಿಸಲು ಮನಸ್ಸಾಗಲಿಲ್ಲ. ಎಲ್ಲರನ್ನೂ ಎಣಿಸಿದೆ.