ಸುಣ್ಣದಡಿಯ ಗಿಳಿಗಳಿಗೆ ನೀರು ಚಿಮುಕಿಸುವ ಜಯಮಾಲಾ

ಈ ವರ್ಷದ ತೊಗರಿ ರಾಶಿಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಇದೆಲ್ಲ ನಡೆದದ್ದೇ. ಒಂದಕ್ಕೆರಡು ಸೇರಿಸೋಣವೆಂದರೂ ಇದರಲ್ಲಿ ಜಾಗ ಉಳಿದಿಲ್ಲ. ಆಳಂದ ಕಡೆಯ ಒಂದು ಊರು, ನಿಜಾಮರ ಕಾಲದ ಒಂದು ಕಚೇರಿ. ಯಾವ ಇಲಾಖೆ ಎಂದು ಮಾತ್ರ ಕೇಳಬೇಡಿ. ನಾಳೆ ನನಗೂ ಅಲ್ಲಿ ಕೆಲಸ ಬೀಳುತ್ತದೆ.

ಬೆಳಕು ಈಗಷ್ಟೇ ಹರಿಯುತ್ತಿದೆ. ಕಚೇರಿಯ ದೊಡ್ಡ ಹಾಲ್‌ನಲ್ಲಿ ಜಯಮಾಲಾ ಏಣಿ ಹತ್ತಿ ನಿಂತಿದ್ದಾರೆ. ಸೆರಗು ಸೊಂಟಕ್ಕೆ, ಕ್ಯಾಮೆರಾ ಕೊರಳಿಗೆ, ಕೈಯಲ್ಲಿ ನೀರಿನ ಚೆಂಬು. ಬೋಳು ಬಿಳಿ ಗೋಡೆಗೆ ನೀರು ಚಿಮುಕಿಸುತ್ತಾರೆ. ನೀರು ಬಿದ್ದಲ್ಲಿ ಸುಣ್ಣ ತೆಳ್ಳಗಾಗಿ ಮೊದಲು ಒಂದು ನೀಲಿ ಬಳ್ಳಿ, ಆಮೇಲೆ ದಾಳಿಂಬೆ ಕಚ್ಚಿದ ಹಸಿರು ಗಿಳಿ ಕಾಣುತ್ತದೆ. ಆ ಗಿಳಿ ನನ್ನನ್ನು ನೋಡಿ ಕತ್ತು ಕೊಂಕಿಸಿತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಗೋಡೆ ಒಣಗುವಷ್ಟರಲ್ಲಿ ಫೋಟೋ ಹೊಡೆಯಬೇಕು. ಒಣಗಿದರೆ ಗಿಳಿ ಮತ್ತೆ ಮಾಯ.

"ಏಣಿ ಗಟ್ಟಿ ಹಿಡಿ ಜಮೀರಣ್ಣ, ಅಲ್ಲಾಡಿದ್ರ ಗಿಳಿಗಿ ಎರಡು ತಲಿ ಬರ್ತಾವ" ಎಂದು ಕಚೇರಿಯ ಕಾವಲುಗಾರನನ್ನು ಗದರಿಸುತ್ತಾರೆ.

"ಬರ್ಲಿ ಬಿಡವ್ವಾ. ಕಚೇರಿಯವ್ರು ಒಂದು ಅಳಸಿದ್ರ ಇನ್ನೊಂದು ಉಳೀತದ" ಎನ್ನುತ್ತಾನೆ ಜಮೀರ.

ಜಯಮಾಲಾ ಬಸ್ ಸ್ಟ್ಯಾಂಡ್ ಎದುರು ಸಣ್ಣ ಸ್ಟುಡಿಯೋ ಇಟ್ಟಿದ್ದಾರೆ. ಪಾಸ್‌ಪೋರ್ಟ್ ಸೈಜ್, ಬಸುರಿಯರ ಕುಬಸ, ಮದುವೆ, ತೀರಿಕೊಂಡವರ ಫೋಟೋಕ್ಕೆ ಫ್ರೇಮು. ಮೊಬೈಲು ಬಂದ ಮೇಲೆ ಫ್ರೇಮಿನ ಕೆಲಸವೊಂದೇ ಗಟ್ಟಿಯಾಗಿ ಉಳಿದಿದೆ. ಅವರ ತಂದೆ ಚಂದ್ರಾಮ ಇದೇ ಹಾಲ್‌ನಲ್ಲಿ ಸಾಹೇಬರ ಬೀಳ್ಕೊಡುಗೆಯ ಗ್ರೂಪ್ ಫೋಟೋ ತೆಗೆಯುತ್ತಿದ್ದರು.

"ಗಿಳಿ ಸಾಹೇಬ್ರ ತಲಿ ಮ್ಯಾಲ ಕುಂತಂಗ ಬರ್ತಿತ್ರಿ. ಅದಕ್ಕ ನಮ್ಮಪ್ಪ ಎಲ್ಲಾರಿಗೂ ಆ ಕಡಿ ಸರಸಿ ನಿಂದರಸ್ತಿದ್ದ. ಈಗ ಹಳಿ ಫೋಟೋ ತೆಗದ್ ನೋಡ್ರಿ, ಬರೇ ಸಾಹೇಬ್ರೇ ಅದಾರ. ಒಂದ್ ಗಿಳಿನೂ ಇಲ್ಲ!"

ಈಗ ಈ ಕಟ್ಟಡಕ್ಕೆ ಜೀರ್ಣೋದ್ಧಾರದ ಭಾಗ್ಯ ಬಂದಿದೆ. ಸಡಿಲಾದ ಹಳೆ ಗಾರೆ ಕೆಡವಿ ಹೊಸದು ಹಾಕುತ್ತಾರೆ. ಅದಕ್ಕೂ ಮೊದಲು ಒಳಗಿನ ಒಂದೊಂದು ಗೋಡೆಯದೂ ಫೋಟೋ ಬೇಕು. ಫೋಟೋದಲ್ಲಿ ಇದ್ದ ಚಿತ್ರವನ್ನು ಮತ್ತೆ ಬಿಡಿಸುತ್ತಾರೆ, ಇಲ್ಲದ್ದು ಹೋದಂತೆಯೇ. ಆ ಕೆಲಸ ಜಯಮಾಲಾಗೆ ಬಂತು. ಕ್ಯಾಮೆರಾ ಹಿಡಿದು ಬಾಗಿಲು ದಾಟಿದರೆ ಮೂಗಿಗೆ ಘಾಟು. ನಾಲ್ಕೂ ಗೋಡೆ ಹಾಲಿನಂತೆ ಬೆಳ್ಳಗೆ! ಫೋಟೋ ತೆಗೆಯಲು ಬರುತ್ತಾರೆಂದು ಹೆಡ್ ಕ್ಲರ್ಕ್ ಸಿದ್ದರಾಮೇಶ ಹಿಂದಿನ ದಿನವೇ ಸುಣ್ಣ ಹೊಡೆಸಿಬಿಟ್ಟಿದ್ದರು.

ಹೇಳಿ, ಇದಕ್ಕೆ ಏನನ್ನಬೇಕು? ನಿಜಾಮರು ಹೋದರು, ಮಾಳಿಗೆ ಸೋರಿತು, ಜೇಡ ಬಲೆ ಕಟ್ಟಿತು, ಗಿಳಿಗಳಿಗೆ ಏನೂ ಆಗಲಿಲ್ಲ. ಉಳಿಸುತ್ತೇವೆಂದು ಹೊರಟವರ ಕೈಗೆ ಸಿಕ್ಕಿ ಸತ್ತವು!

"ಫೋಟೋ ಅಂದ್ಮ್ಯಾಲ ಕಚೇರಿ ಚಂದ ಕಾಣಬೇಕಲ್ಲ ತಂಗಿ? ನಿನ್ನ ಸ್ಟುಡಿಯೋದಾಗ ಪೌಡರ್ ಡಬ್ಬಿ ಯಾಕ ಇಟ್ಟಿ?" ಎಂದರು ಸಿದ್ದರಾಮೇಶ.

"ಪೌಡರ್ ಹಚ್ತೇನ್ರಿ. ಕಣ್ಣು ಮೂಗು ಅಳಸಂಗಿಲ್ಲ!"

"ಬೋಳು ಗೋಡಿ ಅಂತ ನಾನೇ ಮೊಬೈಲ್‌ನ್ಯಾಗ ತೆಗದು ಮ್ಯಾಲ ಕಳಿಸೇನಿ. ಕೆಲಸ ಮುಗೀತು. ತಗೋ, ನೀರು ಕುಡದು ತಣ್ಣಗಾಗು."

ತಣ್ಣಗಾಗುವ ಹೆಂಗಸೇ ಅದು? ಕೈಗೆ ಬಂದ ಚೆಂಬಿನ ನೀರನ್ನು ಸಿದ್ದರಾಮೇಶ ಅವರ ಮುಖಕ್ಕೇ ಎರಚಿದರು. ಆ ಮನುಷ್ಯ ಕಚೇರಿಯಲ್ಲಿ ಅಷ್ಟು ಚುರುಕಾಗಿ ಅಲ್ಲಾಡಿದ್ದನ್ನು ಯಾರೂ ಕಂಡಿರಲಿಲ್ಲ. ಸರಕ್ಕನೆ ಮೇಜಿನ ಕೆಳಗೆ ಕುಕ್ಕರಿಸಿದರು. ನೀರು ಹಿಂದಿನ ಗೋಡೆಗೆ ಬಿತ್ತು. ಅಲ್ಲಿ, ಅವರ ತಲೆಯಿದ್ದ ಜಾಗದಲ್ಲೇ, ಗಿಳಿ ಬಂದು ಕೂತಿತು.

ಅಂದಿನಿಂದ ಜಯಮಾಲಾ ದಿನಾ ನಸುಕಿನಲ್ಲಿ ಬರುತ್ತಾರೆ, ಕಚೇರಿ ತೆರೆಯುವ ಮೊದಲೇ ಹೋಗುತ್ತಾರೆ. ಉಜ್ಜಿದರೆ ಹಳೆ ಬಣ್ಣವೂ ಏಳುತ್ತದೆ, ಅದಕ್ಕೇ ಬರೀ ಚಿಮುಕಿಸುವುದು. ಫೋಟೋ ನೋಡಿದ ಜೀರ್ಣೋದ್ಧಾರದ ಎಂಜಿನಿಯರು, ಇದರಲ್ಲಿ ಎಷ್ಟು ಗಿಳಿಗಳಿವೆಯೋ ಅಷ್ಟನ್ನೂ ಬರೆಸುತ್ತೇವೆ ಎಂದಿದ್ದಾರೆ. ಹಾಲ್ ಇವತ್ತಿಗೆ ಮುಗಿಯುತ್ತದೆ. ಉಳಿದದ್ದು ಒಳಗಿನ ಕೋಣೆ, ಸಾಹೇಬರ ಖೋಲಿ. ಅಲ್ಲಿಗೂ ಸುಣ್ಣ ಬಿದ್ದಿದೆ. ಅದರ ಕೀಲಿ ಸಿದ್ದರಾಮೇಶ ಅವರ ಜೇಬಿನಲ್ಲಿದೆ. ಕಚೇರಿ ವೇಳೆಯಲ್ಲಿ ಆ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ, ಜಯಮಾಲಾಗೆ ಮಾತ್ರ ಇಲ್ಲ. ಕೇಳಿದರೆ, ಕೀಲಿಯ ಮಾತು ನಮ್ಮದಲ್ಲ ಎಂದು ಎಂಜಿನಿಯರು ಕೈ ತೊಳೆದುಕೊಳ್ಳುತ್ತಾರೆ. ಗಾರೆ ಕೆಡವುವವರು ಸೋಮವಾರ ಬರುತ್ತಾರೆ!

"ಫೋಟೋದ ಕೆಳಗ ನನ್ನ ಹೆಸರೂ ಬ್ಯಾಡ್ರಿ" ಎನ್ನುತ್ತಾರೆ ಜಯಮಾಲಾ, ಏಣಿ ಇಳಿದು ಲೆನ್ಸ್ ಒರೆಸುತ್ತ. "ಆ ಖೋಲಿದಾಗ ಬೆಂಚಿನ ಮ್ಯಾಲಿನ ಗೋಡಿಗಿ ಜೋಡಿ ಗಿಳಿ ಅವ. ನಮ್ಮಪ್ಪ ಫೋಟೋದಿಂದ ಹೊರಗ ಹಾಕಿದ್ದು ನಾ ಒಳಗ ತರಬೇಕು. ಅಷ್ಟೇ ನೋಡ್ರಿ."

ಅದಕ್ಕೇ ನಿಮಗೊಂದು ಕೆಲಸ. ಸೋಮವಾರದೊಳಗೆ ಆ ಕಚೇರಿಗೆ ಅರ್ಜಿ ಹಿಡಿದು ಹೋಗುವವರು ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಬೇಡಿ. ಸಾಹೇಬರ ಖೋಲಿಯ ಬೆಂಚಿನ ಹತ್ತಿರ ಕಾಲು ಎಡವಿದಂತೆ ಮಾಡಿ, ನೀರು ಗೋಡೆಗೆ ಹೋಗಲಿ. ಮೊಬೈಲ್ ತೆಗೆದು ಒಂದು ಫೋಟೋ ಹೊಡೆದು ಜಯಮಾಲಾಗೆ ಮುಟ್ಟಿಸಿ. ಯಾವ ಕಚೇರಿ ಎಂದು ಗೊತ್ತಾಗಲಿಲ್ಲವೇ? ಸುಣ್ಣದ ವಾಸನೆ ಹಿಡಿದು ಹೋಗಿ. ಯಾರು ಹೇಳಿಕೊಟ್ಟರೆಂದು ಸಿದ್ದರಾಮೇಶ ಕೇಳಿದರೆ ನನ್ನ ಹೆಸರು ನಿಮಗೆ ಮರೆತು ಹೋಗಿರಲಿ. ಮತ್ತೆ, ಕೈಮುಗಿಯುತ್ತೇನೆ, ಫೋಟೋದಲ್ಲಿ ನಿಮ್ಮ ಮುಖ ತೂರಿಸಬೇಡಿ. ಸ್ವಲ್ಪ ಆ ಕಡೆ ಸರಿದು ನಿಲ್ಲಿ, ಗಿಳಿಗಳು ಕಾಣಲಿ.