ಮೂವತ್ತನೇ ತಾರೀಖಿನ ಸಹಿ

ನಮ್ಮನೆಯವರು ಇಪ್ಪತ್ತಾರು ವರ್ಷ ಲಾರಿ ಓಡಿಸಿದರು. ಯಾರ್ಡಿನಲ್ಲಿ ಅವರಿಗೆ ಕುಟ್ಟಣ್ಣ ಅಂತ ಹೆಸರು. ಬೆಳಿಗ್ಗೆ ಲಾರಿ ಹತ್ತುವ ಮೊದಲು ಕಬ್ಬಿಣದ ರಾಡು ಹಿಡಿದು ಹತ್ತೂ ಟೈರಿಗೆ ಒಂದೊಂದು ಏಟು ಕುಟ್ಟುತ್ತಿದ್ದರು. ಸದ್ದಿನಲ್ಲೇ ಗಾಳಿ ಎಷ್ಟಿದೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ದಾರಿಯಲ್ಲಿ ಟೀಗೆ ನಿಲ್ಲಿಸಿದರೆ ಮೊದಲು ಚಕ್ರ ಮುಟ್ಟಿ ನೋಡುತ್ತಿದ್ದರು. ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಅದರ ಬ್ರೇಕು ಹಿಡಿದುಕೊಂಡಿದೆ ಅಂತ ಲೆಕ್ಕ. ಒಮ್ಮೆ ನನಗೆ ಜ್ವರ ಬಂದಾಗ ಹಣೆ ಮುಟ್ಟಿ, "ನಿಂದೂ ಬ್ರೇಕು ಹಿಡ್ಕೊಂಡಿದೆ ಕಣೇ" ಅಂದಿದ್ದರು.

ದೇವರಂಥ ಮನುಷ್ಯ ಅಂತ ಈಗ ಎಲ್ಲರೂ ಹೇಳುತ್ತಾರೆ. ದೇವರಂಥವರೇನಲ್ಲ. ಮೂಗಿನ ತುದಿಯಲ್ಲಿ ಕೋಪ. ಊಟಕ್ಕೆ ಕೂತರೆ ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು ಅಂತ ಗೊಣಗದ ದಿನವಿಲ್ಲ. ಆದರೆ ಲಾರಿ ವಿಷಯದಲ್ಲಿ ಸುಳ್ಳು ಹೇಳುತ್ತಿರಲಿಲ್ಲ.

ಹೊಸ ಕಾನೂನು ಬಂತು. ಶಾಲೆ ಮಕ್ಕಳಿಗೆ ಕೊಡುವ ಹಾಗೆ ಲಾರಿ ಕಂಪನಿಗೂ ಅಂಕ, ಡ್ರೈವರಿಗೂ ಅಂಕ. ಅದಕ್ಕೆ ಸುರಕ್ಷತಾ ರೇಟಿಂಗ್ ಅಂತ ಹೆಸರು. ಕೆಟ್ಟ ಲಾರಿ ರಸ್ತೆಗೆ ಬಿಟ್ಟರೆ ಕಂಪನಿಯ ಅಂಕ ಹೋಗುತ್ತದೆ. ಡ್ರೈವರ್ ತಪ್ಪು ಮಾಡಿದರೆ ಅದು ಅವನ ಅಂಕದ ಕಾರ್ಡಿಗೆ ಬೀಳುತ್ತದೆ. ಅಂಕ ಕಮ್ಮಿಯಾದ ಕಂಪನಿಗೆ ದೊಡ್ಡ ಫ್ಯಾಕ್ಟರಿಗಳು ಲೋಡು ಕೊಡುವುದಿಲ್ಲ. ಕಾನೂನಿನಲ್ಲಿ ಏನೂ ತಪ್ಪಿರಲಿಲ್ಲ. "ಈಗಲಾದ್ರೂ ಬುದ್ಧಿ ಬಂತು" ಅಂತ ನಮ್ಮನೆಯವರು ಖುಷಿಪಟ್ಟರು.

ಎಲ್ಲರನ್ನೂ ತಯಾರು ಮಾಡಬೇಕು ಅಂತ ಕಂಪನಿಯವರು ಟೈ ಕಟ್ಟಿದ ಒಬ್ಬನನ್ನು ಕರೆಸಿದರು. ಎರಡು ದಿನ ಪಾಠ, ಮಧ್ಯೆ ಟೀ ಬಿಸ್ಕತ್ತು. "ನಿಮ್ಮ ಲಾರಿ ನಿಮ್ಮ ತಾಯಿ ಇದ್ದ ಹಾಗೆ" ಅಂದನಂತೆ ಅವನು. ನಮ್ಮನೆಯವರು ಎದ್ದು ನಿಂತು, "ತಾಯಿ ಬೆನ್ನಿಗೆ ಯಾರಾದ್ರೂ ಹದಿನಾರು ಟನ್ ಹೇರ್ತಾರಾ ಸಾರ್?" ಅಂತ ಕೇಳಿದರಂತೆ. ಇದನ್ನು ಬಂದು ಹೇಳಿದವನು ನನ್ನ ಮೈದುನ. ಅವನೂ ಅದೇ ಕಂಪನಿಯಲ್ಲಿ ಡ್ರೈವರ್.

ಪಾಠ ಮುಗಿದ ಮೇಲೆ ಒಂದು ಹಾಳೆ ಕೊಟ್ಟರು. ಮೂವತ್ತೊಂದು ಪ್ರಶ್ನೆ. ಬ್ರೇಕು ಸರಿಯಿದೆಯೇ, ಟೈರು ಸರಿಯಿದೆಯೇ, ದೀಪ ಉರಿಯುತ್ತದೆಯೇ. ದಿನಾ ಬೆಳಿಗ್ಗೆ ಲಾರಿ ನೋಡಿ, ಟಿಕ್ ಹಾಕಿ, ಸಹಿ ಮಾಡಬೇಕು. ಸರಿಯಾಗಿ ನೋಡಿದರೆ ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ಮ್ಯಾನೇಜರ್‌ಗೆ ಬೇಡ. ಒಂದನೇ ತಾರೀಖು ಇಡೀ ತಿಂಗಳಿನ ಹಾಳೆಗಳಿಗೂ ಡ್ರೈವರುಗಳ ಕೈಲಿ ಸಹಿ ಹಾಕಿಸಿಬಿಡುತ್ತಿದ್ದ. ಆಮೇಲೆ ಗುಮಾಸ್ತ ಕೂತು ಅಷ್ಟಕ್ಕೂ ಒಟ್ಟಿಗೇ 'ಸರಿಯಿದೆ' ಅಂತ ಟಿಕ್ ಹಾಕುತ್ತಿದ್ದ. ಕಂಪನಿ ತಯಾರಾದದ್ದು ಹೀಗೆ.

ನಮ್ಮನೆಯವರು ಖಾಲಿ ಹಾಳೆಗೆ ಸಹಿ ಮಾಡಲಿಲ್ಲ. ದಿನದ ಹಾಳೆ ದಿನಾ ತುಂಬಿದರು. ಮೂರು ದಿನ ಸಾಲಾಗಿ 'ಹಿಂದಿನ ಬಲಗಡೆ ಬ್ರೇಕಿನ ಗಾಳಿ ಪೈಪು ಸೋರುತ್ತಿದೆ' ಅಂತ ಬರೆದರು. ನಾಲ್ಕನೇ ದಿನ ಮ್ಯಾನೇಜರ್ ಕರೆದ.

"ಏನಣ್ಣಾ, ಕಂಪನಿ ಮುಳುಗಿಸ್ತೀಯಾ? ಬರೆದ ಮೇಲೆ ರಿಪೇರಿ ಆಗೋ ತನಕ ಲಾರಿ ಬಿಡಂಗಿಲ್ಲ."

"ಅದಕ್ಕೇ ಬರೆದಿದ್ದು."

ಬ್ರೇಕು ರಿಪೇರಿ ಮಾಡಿಸುವ ಬದಲು ಇವರಿಗೆ ಲಾರಿ ಕೊಡುವುದನ್ನು ನಿಲ್ಲಿಸಿದರು. ಹನ್ನೊಂದು ದಿನ ಮನೆಯಲ್ಲಿ ಕೂತರು. ನಮ್ಮದು ಒಂದೇ ಕೋಣೆ. ಕಿಟಕಿ ಹತ್ತಿರ ನನ್ನ ಹೊಲಿಗೆ ಮಷೀನು. ಕ್ಯಾಬಿನ್ ಸೀಟಿನ ಕವರು ಹೊಲಿಯುವುದು ನನ್ನ ಕೆಲಸ. ಇವರು ಮಂಚದ ಮೇಲೆ ಕೂತು ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಇಲ್ಲಾ ನನ್ನ ಮಷೀನಿನ ಬೆಲ್ಟು ಸಡಿಲ ಅಂತ ಕೈ ಹಾಕುತ್ತಿದ್ದರು. ತಲೆ ಕೆಟ್ಟು ಹೋಯಿತು.

"ರೀ, ಎಲ್ಲರೂ ಹಾಕಿದಾರೆ. ನಿಮ್ಮದೊಂದೇ ಏನು ಚಿನ್ನದ ಸಹಿನಾ? ಗೀಚಿ ಬನ್ನಿ."

ಹೇಳಿದ್ದು ನಾನೇ.

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಒಂದನೇ ತಾರೀಖಾಗಿತ್ತು. ಮೂವತ್ತು ಹಾಳೆಗೆ ಮೂವತ್ತು ಸಹಿ ಹಾಕಿ, ಲಾರಿಯ ಕೀಲಿ ಹಿಡಿದುಕೊಂಡು ಬಂದರು. ಪೈಪು ಸರಿ ಮಾಡಿಸಿದ್ದೀವಿ ಅಂತ ಮ್ಯಾನೇಜರ್ ಹೇಳಿದನಂತೆ. ಅದಕ್ಕೆ ಟ್ಯೂಬಿನ ಚೂರು ಸುತ್ತಿ ತಂತಿ ಬಿಗಿದು, ಕಾಣದ ಹಾಗೆ ಗ್ರೀಸು ಮೆತ್ತಿದ್ದರು, ಅಷ್ಟೇ. ಇದು ತಿಳಿದದ್ದು ಆಮೇಲೆ.

ಹನ್ನೆರಡನೇ ತಾರೀಖು ಬೆಳಿಗ್ಗೆ ಹನ್ನೊಂದು ಗಂಟೆಗೆ, ಉದ್ದ ಇಳಿಜಾರಿನಲ್ಲಿ, ಬ್ರೇಕು ಹಿಡಿಯಲಿಲ್ಲ. ಕೆಳಗೆ ಬಸ್ಸು ಹತ್ತುವ ಜನ ಸಾಲಾಗಿ ನಿಂತಿದ್ದರು. ಇವರು ಲಾರಿಯನ್ನು ಪಕ್ಕದ ಕಲ್ಲುಗೋಡೆಗೆ ಉಜ್ಜಿಸಿ ನಿಲ್ಲಿಸಿದರು. ಹಿಂದಿದ್ದ ಕಬ್ಬಿಣದ ಹಾಳೆಗಳು ಕ್ಯಾಬಿನ್ನಿಗೆ ನುಗ್ಗಿದವು. ಸಾಲಿನಲ್ಲಿದ್ದ ಒಬ್ಬರಿಗೂ ಒಂದು ಗೀರೂ ಬೀಳಲಿಲ್ಲ. ಮರುದಿನ ಮಣ್ಣು ಮಾಡಿದೆವು.

ತಿಂಗಳು ಕಳೆದ ಮೇಲೆ ಮ್ಯಾನೇಜರ್ ಮನೆಗೆ ಬಂದ. ಜೊತೆಯಲ್ಲಿ ಮೈದುನನನ್ನೂ ಕರೆತಂದಿದ್ದ. ವಿಚಾರಣೆಗೆ ಸರ್ಕಾರದ ದೊಡ್ಡ ಆಫೀಸಿಗೆ ಬರಬೇಕು, ಸುಮ್ಮನೆ ತಲೆ ಆಡಿಸಿದರೆ ಸಾಕು ಅಂದ. ಅವನ ಕಾಗದದಲ್ಲಿ 'ಚಾಲಕನ ಅಜಾಗರೂಕತೆ' ಅಂತಿತ್ತು.

"ಬ್ರೇಕು ಕೆಟ್ಟಿದ್ದು ಅವರ ತಪ್ಪಾ?" ಅಂದೆ.

"ಅಮ್ಮಾ, ಕಂಪನಿ ತಪ್ಪು ಅಂದ್ರೆ ನಲವತ್ತು ಡ್ರೈವರ್‌ಗಳ ಕೆಲಸ ಹೋಗುತ್ತೆ. ಅಣ್ಣನ ಕಾರ್ಡಿಗೆ ಬಿದ್ರೆ ಯಾರಿಗೆ ನಷ್ಟ? ಅವರೇನು ಇನ್ನು ಲಾರಿ ಓಡಿಸ್ತಾರಾ?"

ನಾನು ಕೊಟ್ಟ ಟೀ ಕುಡಿಯುತ್ತಾ ಹೇಳಿದ. ಮೈದುನ ನೆಲ ನೋಡುತ್ತಾ, "ಸುಮ್ನೆ ಹೂಂ ಅನ್ನಿ ಅತ್ತಿಗೆ" ಅಂದ. ನಾನು ಹೂಂ ಅನ್ನಲಿಲ್ಲ. ಬರುತ್ತೀನಿ ಅಂದೆ, ಅಷ್ಟೇ.

ಆಫೀಸಿನ ಮೇಜಿನ ತುಂಬ ಫೈಲು. ಕನ್ನಡಕದ ಅಧಿಕಾರಿ ನಮ್ಮ ಕಂಪನಿಯ ಕಟ್ಟು ಬಿಚ್ಚಿ, "ಹನ್ನೆರಡನೇ ತಾರೀಖು ಬ್ರೇಕ್ ಸರಿಯಿದೆ ಅಂತ ನಿಮ್ಮ ಯಜಮಾನರೇ ಸಹಿ ಮಾಡಿದಾರಲ್ಲಮ್ಮಾ" ಅಂದರು. ಕೊಡಿ ನೋಡ್ತೀನಿ ಅಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಂಕಿ ಬರುತ್ತದೆ. ಅವರ ಸಹಿ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು.

ಹಾಳೆ ಮಗುಚಿದೆ. ಹನ್ನೆರಡರ ಹಿಂದೆ ಹದಿಮೂರು. ಸಹಿ ಇದೆ. ಹದಿನಾಲ್ಕು, ಇದೆ. ಹದಿನೈದು. ಗುಮಾಸ್ತ ಒಂದನೇ ತಾರೀಖೇ ಇಡೀ ಕಟ್ಟಿಗೆ ಟಿಕ್ ಹಾಕಿಟ್ಟಿದ್ದ. ಆಮೇಲೆ ತೆಗೆದು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಗೇ ತಂದು ಸರ್ಕಾರಕ್ಕೆ ಕೊಟ್ಟಿದ್ದರು. ಮೂವತ್ತನೇ ತಾರೀಖಿನ ಹಾಳೆಯ ಕೊನೆಯ ಪ್ರಶ್ನೆ: ಚಾಲಕ ಆರೋಗ್ಯವಾಗಿದ್ದಾನೆಯೇ? ಹೌದು ಅಂತ ಟಿಕ್. ಕೆಳಗೆ ಇವರ ಸಹಿ.

"ಸಾರ್, ಇವರನ್ನ ಹದಿಮೂರಕ್ಕೆ ಮಣ್ಣು ಮಾಡಿದೀವಿ" ಅಂದೆ. "ಹದಿನಾಲ್ಕಕ್ಕೆ ಎದ್ದು ಬಂದು ಟೈರು ನೋಡಿದ್ರಾ?"

ಮ್ಯಾನೇಜರ್ ಗುಮಾಸ್ತನ ಕೈತಪ್ಪು ಅಂತ ಏನೋ ಒದರಿದ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ನೋಡಿ ಹೇಳಿ. ಮೊದಲೇ ಸಹಿ ಹಾಕಿಸಿಕೊಂಡಿದ್ದರು ಅಂತ ನೀವು ಹೇಳಿಕೆ ಕೊಟ್ಟರೆ ಅಜಾಗರೂಕತೆ ಅನ್ನೋದನ್ನ ಹೊಡೆದು ಹಾಕ್ತೀನಿ. ಆದರೆ ಸುಳ್ಳು ದಾಖಲೆಗೆ ಸಹಿ ಮಾಡಿದಾರೆ ಅನ್ನೋದು ಅವರ ಹೆಸರಲ್ಲಿ ಉಳಿಯುತ್ತೆ."

"ಬೇಡ ಅತ್ತಿಗೆ" ಅಂತ ಮೈದುನ ಸೆರಗು ಎಳೆದ.

"ಉಳೀಲಿ" ಅಂದೆ. "ಅವರು ಸಹಿ ಮಾಡಿದ್ದು ನಿಜ. ಲಾರಿ ಕೊಡಲ್ಲ ಅಂತ ಕೂರಿಸಿದ್ದು ಈ ಮ್ಯಾನೇಜರ್. ಮಾಡಿ ಬನ್ನಿ ಅಂತ ಕಳಿಸಿದ್ದು ನಾನು. ಮೂರೂ ಬರ್ಕೊಳ್ಳಿ. ಸುಮ್ಮಸುಮ್ಮನೆ ಗೋಡೆಗೆ ಗುದ್ದಿದ್ರು ಅಂತ ಮಾತ್ರ ಬರೀಬೇಡಿ."

ಮೂರೂ ಬರೆದುಕೊಂಡರು. ನಾನು ಸಹಿ ಮಾಡಿದೆ, ಪೂರ್ತಿ ಓದಿಸಿ ಕೇಳಿದ ಮೇಲೆ.

ಎರಡು ತಿಂಗಳಿಗೆ ಕಾಗದ ಬಂತು. ಬ್ರೇಕು ಕೆಟ್ಟು ಅಪಘಾತ ಅಂತ ಇದೆ. ಸುಳ್ಳು ದಾಖಲೆ ಅಂತಲೂ ಇದೆ. ಕಂಪನಿಯ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಮತ್ತೆ ತರಬೇತಿ ಕೊಡಿಸಬೇಕು ಅಂತ ಆದೇಶವಾಯಿತು. ಅದೇ ಟೈ ಕಟ್ಟಿದವನು ಬಂದ. ಅದೇ ಟೀ ಬಿಸ್ಕತ್ತು.

ಮೊನ್ನೆ ಮೈದುನನನ್ನು ಕೇಳಿದೆ, "ಈಗಲೂ ತಿಂಗಳದ್ದು ಒಟ್ಟಿಗೆ ಸಹಿ ಹಾಕಿಸ್ತಾರೇನೋ?"

"ಛೆ ಛೆ, ಇಲ್ಲ ಅತ್ತಿಗೆ. ಈಗ ವಾರದ್ದು ವಾರಕ್ಕೆ ಹಾಕಿಸ್ತಾರೆ."

"ನೀನೂ ಹಾಕ್ತೀಯಾ?"

"ಲಾರಿ ಕೊಡಬೇಕಲ್ಲ."

ಥೂ ಅಂದೆ. ಅವನಿಗೆ ಅಂದೆನೋ, ನನಗೇ ಅಂದುಕೊಂಡೆನೋ. ಎದ್ದು ಅವನ ಮನೆಗೇ ಹೋದೆ. ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು.

"ನೋಡೇ, ಸಹಿ ಹಾಕಿ ಬನ್ನಿ ಅಂತ ಯಾವತ್ತೂ ನಿನ್ನ ಬಾಯಲ್ಲಿ ಬರಬಾರದು."

"ಅವರು ಮನೇಲೇ ಕೂತುಬಿಟ್ರೆ ಅಕ್ಕಾ?"

"ಕೂರಲಿ. ತಲೆ ತಿಂತಾನೆ, ತಿನ್ನಲಿ. ನನ್ನ ಹತ್ರ ಹೊಲಿಗೆ ಇದೆ, ನಿನಗೂ ಅರ್ಧ ಕೊಡ್ತೀನಿ."

ಅವಳು ಮೊರ ಕೆಳಗಿಟ್ಟಳು. ಮರುದಿನ ಬೆಳಿಗ್ಗೆ ಕತ್ತರಿ ತಗೊಂಡು ನನ್ನ ಬಾಗಿಲಿಗೆ ಬಂದಳು.